1943ರ ಎನ್‌ಎಫ್‌ಎಲ್ ಪಟ್ಟಿಯನ್ನು ತಾಳೆ ಹಾಕಿ ಓದುವುದು ಹೇಗೆ

ನನ್ನ ಕೆಲಸ ಲೆಕ್ಕ ತಪಾಸಣೆ. ದಿನವಿಡೀ ಬೇರೆಯವರು ಬರೆದ ಅಂಕಿಗಳನ್ನು ಕೂಡಿ, ಎರಡೂ ಕಡೆ ತಾಳೆ ಆಗುತ್ತಾ ಅಂತ ನೋಡುವುದು. ಈ ಚಾಳಿ ಮನೆಯಲ್ಲೂ ಬಿಡುವುದಿಲ್ಲ. ಬಿಡುವಾದಾಗ ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಹಳೆಯ ಗೆಲುವು-ಸೋಲಿನ ಪಟ್ಟಿಗಳನ್ನು ಮುಂದಿಟ್ಟುಕೊಂಡು ಕೂರುತ್ತೇನೆ. ಅವುಗಳಲ್ಲಿ ನಾನು ಜಾಸ್ತಿ ಗೀಚಿರುವುದು 1943ರ ಪುಟವನ್ನು. ಎರಡನೇ ಮಹಾಯುದ್ಧ ಜೋರಾಗಿದ್ದ ವರ್ಷ ಅದು. ಆಟಗಾರರು ಒಬ್ಬೊಬ್ಬರಾಗಿ ಸೇನೆ ಸೇರುತ್ತಿದ್ದರು, ಆದರೂ ಲೀಗ್ ನಿಲ್ಲಲಿಲ್ಲ.

ಮೊದಲ ಸಲ ಈ ಪಟ್ಟಿ ಹಿಡಿದಾಗ ಮುಗ್ಗರಿಸಿದ್ದೆ. 1942ರಲ್ಲಿ ಹತ್ತು ತಂಡ ಇತ್ತಲ್ವಾ, ಹಾಗಾಗಿ ಹತ್ತು ಸಾಲು ಎಳೆದುಕೊಂಡೆ. ಕೂಡಿದರೆ ಗೆಲುವು 42, ಸೋಲು 41. ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು, ಒಂದು ಸೋಲು ಎಲ್ಲಿಗೆ ಹೋಯಿತು? ಅರ್ಧ ರಾತ್ರಿ ಹುಡುಕಿದೆ. ತಪ್ಪು ನನ್ನದೇ. ಅದು ಏನು ಅಂತ ಆಮೇಲೆ ಹೇಳುತ್ತೇನೆ. ನೀವು ಒಂದು ಹಾಳೆ, ಪೆನ್ಸಿಲ್ ತೆಗೆದುಕೊಂಡು ಹೀಗೆ ಬರೆದುಕೊಳ್ಳಿ. ಮೊದಲ ಅಂಕಿ ಗೆಲುವು, ಎರಡನೆಯದು ಸೋಲು, ಮೂರನೆಯದು ಟೈ.

ಪೂರ್ವ ವಿಭಾಗ
ವಾಷಿಂಗ್ಟನ್ 6-3-1
ನ್ಯೂಯಾರ್ಕ್ ಜೈಂಟ್ಸ್ 6-3-1
ಫಿಲ್-ಪಿಟ್ 5-4-1
ಬ್ರೂಕ್ಲಿನ್ ಡಾಡ್ಜರ್ಸ್ 2-8-0

ಪಶ್ಚಿಮ ವಿಭಾಗ
ಶಿಕಾಗೋ ಬೇರ್ಸ್ 8-1-1
ಗ್ರೀನ್ ಬೇ ಪ್ಯಾಕರ್ಸ್ 7-2-1
ಡೆಟ್ರಾಯಿಟ್ ಲಯನ್ಸ್ 3-6-1
ಶಿಕಾಗೋ ಕಾರ್ಡಿನಲ್ಸ್ 0-10-0

ಸಾಲುಗಳ ನಡುವೆ ಎರಡು ಬೆರಳಿನಷ್ಟು ಜಾಗ ಬಿಡಿ. ಬಲಗಡೆ ಅರ್ಧ ಹಾಳೆ ಖಾಲಿ ಇರಲಿ. ಈ ಪುಟದ ನಿಜವಾದ ಕೆಲಸ ಆ ಖಾಲಿ ಜಾಗದಲ್ಲೇ ಇರುವುದು.

ಈಗ ಕೂಡಿ. ಗೆಲುವು 37, ಸೋಲು 37. ಟೈ 6, ಅಂದರೆ ಮೂರು ಪಂದ್ಯ. 37ಕ್ಕೆ 3 ಸೇರಿಸಿದರೆ 40. ಎಂಟು ತಂಡ, ತಲಾ ಹತ್ತು ಪಂದ್ಯ, ಒಂದೊಂದು ಪಂದ್ಯಕ್ಕೆ ಎರಡು ತಂಡ: ಆ ಕಡೆಯಿಂದಲೂ 40. ತಾಳೆ ಆಯಿತು. ಇಷ್ಟು ಮಾಡದೆ ಮುಂದೆ ಹೋಗಬೇಡಿ. ಯುದ್ಧದ ವರ್ಷಗಳಲ್ಲಿ ತಂಡಗಳು ಬಂದಿವೆ, ಹೋಗಿವೆ, ಒಂದಾಗಿವೆ. ಕೂಡಿ ನೋಡದಿದ್ದರೆ ಯಾವುದೋ ಒಂದನ್ನು ನೀವು ಎರಡು ಸಲ ಎಣಿಸಿರುತ್ತೀರಿ, ಇಲ್ಲವೇ ಒಂದನ್ನು ಬಿಟ್ಟಿರುತ್ತೀರಿ.

ನಾನು ಮಾಡಿದ್ದು ಅದನ್ನೇ. ಫಿಲ್-ಪಿಟ್ ಅಂದರೆ ಎರಡು ಊರಿನ ತಂಡಗಳು ಸೇರಿ ಆದ ಒಂದೇ ತಂಡ; ಆ ಸಾಲನ್ನು ಫಿಲಡೆಲ್ಫಿಯಾಕ್ಕೆ ಒಂದು, ಪಿಟ್ಸ್‌ಬರ್ಗ್‌ಗೆ ಒಂದು ಅಂತ ಎರಡು ಸಲ ಬರೆದಿದ್ದೆ. ಐದು ಗೆಲುವು ಹೆಚ್ಚಾಯಿತು, ನಾಲ್ಕು ಸೋಲು ಹೆಚ್ಚಾಯಿತು. 42-41 ಬಂದದ್ದು ಹೀಗೆ. ಹತ್ತನೇ ಸಾಲು ಕ್ಲೀವ್‌ಲ್ಯಾಂಡ್ ರ‍್ಯಾಮ್ಸ್ ಅಂತ ಬರೆದು ಖಾಲಿ ಬಿಟ್ಟಿದ್ದೆ. ಆ ತಂಡ 1943ರಲ್ಲಿ ಆಡಲೇ ಇಲ್ಲ. ಮಾಲೀಕರೇ ಸೇನೆಗೆ ಹೋಗಿದ್ದರು, ತಂಡಕ್ಕೆ ಒಂದು ವರ್ಷ ಬೀಗ.

ಶೇಕಡಾವಾರು ನೋಡುವಾಗ ಒಂದು ಎಚ್ಚರ. ಹಳೆಯ ಪಟ್ಟಿಯಲ್ಲಿ ಫಿಲ್-ಪಿಟ್ ಮುಂದೆ .556 ಅಂತ ಇರುತ್ತದೆ. ಈಗಿನ ರೀತಿಯಲ್ಲಿ ಭಾಗಿಸಿದರೆ .550 ಬರುತ್ತದೆ. ಎರಡೂ ಸರಿ. ಆಗ ಟೈ ಆದ ಪಂದ್ಯವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ, ಒಂಬತ್ತರಲ್ಲಿ ಐದು ಅಷ್ಟೇ. ಟೈ ಅಂದರೆ ಅರ್ಧ ಗೆಲುವು ಎಂದು ಹಿಡಿಯುವುದು 1972ರಿಂದ ಬಂದದ್ದು.

ಮೂರು ಟೈಗಳನ್ನು ಗೆರೆ ಎಳೆದು ಜೋಡಿಸಿ. ಬೇರ್ಸ್‌ನಿಂದ ಪ್ಯಾಕರ್ಸ್‌ಗೆ ಒಂದು ಗೆರೆ: ಸೆಪ್ಟೆಂಬರ್ 26, 21-21. ಉಳಿದ ಎರಡೂ ಒಂದೇ ಭಾನುವಾರದವು, ನವೆಂಬರ್ 7. ವಾಷಿಂಗ್ಟನ್ ಮತ್ತು ಫಿಲ್-ಪಿಟ್ 14-14. ಡೆಟ್ರಾಯಿಟ್‌ನಲ್ಲಿ ಲಯನ್ಸ್ ಮತ್ತು ಜೈಂಟ್ಸ್ 0-0. ಇದಕ್ಕೆ ಕೆಂಪು ಪೆನ್ಸಿಲ್ ಹಚ್ಚಿ. ಒಂದೂ ಪಾಯಿಂಟ್ ಇಲ್ಲದೆ ಮುಗಿದ ಎನ್‌ಎಫ್‌ಎಲ್ ಪಂದ್ಯ ಅದಾದ ಮೇಲೆ ಇವತ್ತಿನವರೆಗೂ ಇನ್ನೊಂದಿಲ್ಲ.

ಈಗ ಬಲಗಡೆಯ ಖಾಲಿ ಜಾಗಕ್ಕೆ ಬನ್ನಿ. ಪ್ರತಿ ಸಾಲಿನ ಎದುರು ಎರಡು ವಿಷಯ ಬರೆಯಬೇಕು: ಯಾರು ಇಲ್ಲ, ಇರುವವರು ಯಾಕೆ ಇದ್ದಾರೆ. ಎರಡನೆಯದು ವಿಚಿತ್ರವಾಗಿ ಕೇಳಿಸಬಹುದು. ಆದರೆ ಆ ವರ್ಷ ಒಬ್ಬ ಗಟ್ಟಿಮುಟ್ಟಾದ ಯುವಕ ಮೈದಾನದಲ್ಲಿ ಇದ್ದಾನೆ ಅಂದರೆ ಅದಕ್ಕೊಂದು ಕಾರಣ ಇರಲೇಬೇಕು. ಅಮೆರಿಕದ ಸೇನಾ ನೇಮಕಾತಿಯಲ್ಲಿ 4-ಎಫ್ ಅಂತ ಒಂದು ವರ್ಗ ಇತ್ತು. ದೇಹಸ್ಥಿತಿಯಿಂದಾಗಿ ಸೇವೆಗೆ ಆಗದವರು ಎಂದರ್ಥ. ವಾರಕ್ಕೊಮ್ಮೆ ಎದುರಾಳಿಗೆ ಡಿಕ್ಕಿ ಹೊಡೆಯುವಷ್ಟು ಬಲ ಇದ್ದರೂ ಕಿವಿ ಕೇಳದಿದ್ದರೆ, ಹೊಟ್ಟೆಯಲ್ಲಿ ಹುಣ್ಣಿದ್ದರೆ ಬಂದೂಕು ಕೊಡುತ್ತಿರಲಿಲ್ಲ.

ಫಿಲ್-ಪಿಟ್ ಸಾಲಿಗೆ ಅರ್ಧ ಗಂಟೆ ಕೊಡಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಬಳಿ ಬೆರಳೆಣಿಕೆಯಷ್ಟು ಆಟಗಾರರು ಉಳಿದಿದ್ದರು. ಫಿಲಡೆಲ್ಫಿಯಾ ಈಗಲ್ಸ್‌ಗೂ ಜನ ಸಾಲದು. ಎರಡನ್ನೂ ಒಂದು ವರ್ಷದ ಮಟ್ಟಿಗೆ ಕೂಡಿಸಿದರು. ಜನ ಸ್ಟೀಗಲ್ಸ್ ಅಂತ ಕರೆದರು, ಆ ಹೆಸರೇ ನಿಂತಿತು. ಬಟ್ಟೆ ಈಗಲ್ಸ್‌ನ ಹಸಿರು-ಬಿಳಿ. ತವರಿನ ಪಂದ್ಯಗಳಲ್ಲಿ ನಾಲ್ಕು ಫಿಲಡೆಲ್ಫಿಯಾದ ಶೈಬ್ ಪಾರ್ಕ್‌ನಲ್ಲಿ, ಎರಡು ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್‌ನಲ್ಲಿ. ಕೋಚ್‌ಗಳು ಇಬ್ಬರು, ಗ್ರೀಸಿ ನೀಲ್ ಮತ್ತು ವಾಲ್ಟ್ ಕೀಸ್ಲಿಂಗ್. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಕೊನೆಗೆ ನೀಲ್ ದಾಳಿ ನೋಡಿಕೊಳ್ಳುವುದು, ಕೀಸ್ಲಿಂಗ್ ರಕ್ಷಣೆ ನೋಡಿಕೊಳ್ಳುವುದು ಎಂದು ಪಾಲು ಮಾಡಿಕೊಂಡರು. ಆಸ್ತಿ ಪಾಲಾದ ಮನೆಯ ಹಾಗೆ, ಅಂಗಳ ಮಾತ್ರ ಒಂದೇ. ಆಟಗಾರರು ಹಗಲು ಯುದ್ಧ ಸಾಮಗ್ರಿ ತಯಾರಿಸುವ ಕಾರ್ಖಾನೆಗಳಲ್ಲಿ ದುಡಿದು, ಸಂಜೆ ಅಭ್ಯಾಸಕ್ಕೆ ಬರುತ್ತಿದ್ದರು.

ಈ ಸಾಲಿನ ಪಕ್ಕ ಬರೆಯಬೇಕಾದ ಹೆಸರುಗಳಲ್ಲಿ ಮೊದಲನೆಯದು ಟೋನಿ ಬೋವಾ. ಒಂದು ಕಣ್ಣು ಪೂರ್ತಿ ಕುರುಡು, ಇನ್ನೊಂದರಲ್ಲೂ ಅರೆಬರೆ ದೃಷ್ಟಿ. ತಂಡದಲ್ಲಿ ಪಾಸ್, ಅಂದರೆ ಜೊತೆಗಾರ ಎಸೆದ ಚೆಂಡು ಹಿಡಿದು ಅತಿ ಹೆಚ್ಚು ಯಾರ್ಡ್ ಗಳಿಸಿದವರು ಅವರೇ. ಆಮೇಲೆ ಬಿಲ್ ಹ್ಯೂಯಿಟ್. 1930ರ ದಶಕದಲ್ಲಿ ಬರಿತಲೆಯಲ್ಲಿ ಆಡಿ ಹೆಸರಾದವರು, ನಿವೃತ್ತಿ ಬಿಟ್ಟು ಮತ್ತೆ ಬಂದರು. ಬಂದ ವರ್ಷವೇ ಲೀಗ್ ಹೆಲ್ಮೆಟ್ ಕಡ್ಡಾಯ ಮಾಡಿತು. ಪಾಪ.

ಮೂರನೆಯವರು ಜ್ಯಾಕ್ ಹಿಂಕಲ್. ಹೊಟ್ಟೆ ಹುಣ್ಣಿನ ಕಾರಣಕ್ಕೆ ಸೇನೆಯಿಂದ ಬಿಡುಗಡೆಯಾದವರು. ಆ ಸೀಸನ್‌ನಲ್ಲಿ ಓಡಿ ಗಳಿಸಿದ್ದು 571 ಯಾರ್ಡ್. ಜೈಂಟ್ಸ್‌ನ ಬಿಲ್ ಪಾಸ್ಕಲ್ 572. ಒಂದು ಯಾರ್ಡ್, ಅಂದರೆ ಮೂರು ಅಡಿ! ಹಿಂಕಲ್ ಓಡಿದ ಒಂದು ಉದ್ದನೆಯ ಓಟವನ್ನು ಅಂಕಿ ಬರೆಯುವವರು ಜೊತೆ ಆಟಗಾರನ ಖಾತೆಗೆ ಹಾಕಿಬಿಟ್ಟರು ಎಂಬ ಮಾತಿದೆ. ನನ್ನ ಕೆಲಸದಲ್ಲಿ ಇಂಥದ್ದನ್ನು ವಾರಕ್ಕೆರಡು ನೋಡುತ್ತೇನೆ. ಬೇರೆ ಖಾತೆಗೆ ಹೋದ ಜಮೆ. ಒಟ್ಟು ಮೊತ್ತ ಸರಿಯಾಗಿಯೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನು ಸ್ಕೋರುಗಳು. ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿದ್ದಕ್ಕೆ 6, ಅದರ ಮೇಲಿನ ಕಿಕ್‌ಗೆ 1. ಫೀಲ್ಡ್ ಗೋಲ್‌ಗೆ, ಅಂದರೆ ಚೆಂಡನ್ನು ಒದ್ದು ಕಂಬಗಳ ನಡುವೆ ತೂರಿಸಿದ್ದಕ್ಕೆ 3. ಸೇಫ್ಟಿಗೆ, ಅಂದರೆ ಚೆಂಡು ಹಿಡಿದವನನ್ನು ಅವನದೇ ಗೋಲು ಗೆರೆಯ ಹಿಂದೆ ಕೆಡವಿದ್ದಕ್ಕೆ 2. ಇಷ್ಟು ಗೊತ್ತಿದ್ದರೆ ಸಾಕು. ಹತ್ತು ಪಂದ್ಯಗಳ ಸ್ಕೋರನ್ನು ತಾರೀಖಿನ ಕ್ರಮದಲ್ಲಿ ಬರೆದುಕೊಂಡು ಒಂದೇ ಓಘದಲ್ಲಿ ಓದಿ. ಸ್ಟೀಗಲ್ಸ್ ಅಕ್ಟೋಬರ್ 9ರಂದು ಜೈಂಟ್ಸ್ ವಿರುದ್ಧ ಹತ್ತು ಸಲ ಚೆಂಡು ಕೈಬಿಟ್ಟರೂ 28-14ರಿಂದ ಗೆದ್ದರು. ಎರಡು ವಾರ ಬಿಟ್ಟು ಅದೇ ಜೈಂಟ್ಸ್ ಕೈಲಿ 42-14ರ ಏಟು ತಿಂದರು. ನವೆಂಬರ್ 21ಕ್ಕೆ ಲಯನ್ಸ್ ಮೇಲೆ 35-34. ಮುಂದಿನ ಭಾನುವಾರ, ಅಲ್ಲಿಯವರೆಗೆ ಒಂದೂ ಸೋಲದಿದ್ದ ವಾಷಿಂಗ್ಟನ್ ತಂಡವನ್ನು ಅವರದೇ ಊರಲ್ಲಿ 27-14ರಿಂದ ಮಣಿಸಿದರು. ಬರೀ 5-4-1 ನೋಡಿದ್ದರೆ ಇದೊಂದು ಸಾಧಾರಣ ತಂಡ ಅಂತ ಪಕ್ಕಕ್ಕಿಡುತ್ತಿದ್ದಿರಿ, ಅಲ್ವಾ?

ಒಂದು ಭಾನುವಾರವನ್ನು ಮಾತ್ರ ಅಡ್ಡಡ್ಡ ಓದುವುದೂ ಒಳ್ಳೆಯ ಅಭ್ಯಾಸ. ನಾನು ಆರಿಸುವುದು ನವೆಂಬರ್ 14. ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ಬ್ರೂಕ್ಲಿನ್ ಹುಡುಗ ಸಿಡ್ ಲಕ್‌ಮನ್‌ಗೆ ಸನ್ಮಾನದ ದಿನ. ಬೇರ್ಸ್‌ನ ಈ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿ ನಡೆಸಿ ಪಾಸ್ ಎಸೆಯುವ ಆಟಗಾರ, ಸನ್ಮಾನ ಮಾಡಿದ ಊರಿನ ತಂಡವಾದ ಜೈಂಟ್ಸ್ ಮೇಲೇ ಏಳು ಟಚ್‌ಡೌನ್ ಪಾಸ್ ಎಸೆದರು, 433 ಯಾರ್ಡ್. ಸ್ಕೋರ್ 56-7. ಅದೇ ದಿನ ವಾಷಿಂಗ್ಟನ್‌ನ ಸ್ಯಾಮಿ ಬಾ ಲಯನ್ಸ್ ವಿರುದ್ಧ ನಾಲ್ಕು ಟಚ್‌ಡೌನ್ ಪಾಸ್ ಎಸೆದದ್ದಲ್ಲದೆ, ರಕ್ಷಣೆಗೆ ನಿಂತು ಎದುರಾಳಿಯ ನಾಲ್ಕು ಪಾಸ್‌ಗಳನ್ನು ತಾವೇ ಕಸಿದರು. ಸ್ಟೀಗಲ್ಸ್? ಬ್ರೂಕ್ಲಿನ್ ಕೈಲಿ 13-7ಕ್ಕೆ ಸೋತರು. ಇಡೀ ವರ್ಷ ಎರಡೇ ಗೆದ್ದ ಬ್ರೂಕ್ಲಿನ್‌ಗೆ ಅದು ಒಂದು.

ಬಾ ಎರಡೂ ಕಡೆ ಆಡಿದ್ದಕ್ಕೆ ಹಿನ್ನೆಲೆ ಇದೆ. 1943ರಲ್ಲಿ ತಂಡದ ಬಲವನ್ನು 33ರಿಂದ 28ಕ್ಕೆ ಇಳಿಸಿದ್ದರು. ಅದೇ ವರ್ಷ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂಬ ನಿಯಮ ಬಂತು. ಅದಕ್ಕೂ ಮೊದಲು ಹೊರಗೆ ಹೋದವನು ಬೇಕೆಂದಾಗ ಒಳಗೆ ಬರುವಂತಿರಲಿಲ್ಲ. ಆದರೆ ಬದಲಿಸಲು ಜನ ಬೇಕಲ್ಲ?

ದಾಖಲೆಗಳ ವಿಷಯದಲ್ಲಿ ಎರಡು ಬಗೆಯ ಓದುಗರಿದ್ದಾರೆ. ಎದುರಿಗಿದ್ದವರು ಅರೆಗಣ್ಣಿನವರು, ಮುದುಕರು, ಆ ದಾಖಲೆಗೆ ಬೆಲೆ ಇಲ್ಲ ಅನ್ನುವವರು ಒಂದು ಕಡೆ. ಲಕ್‌ಮನ್ ಹತ್ತೇ ಪಂದ್ಯದಲ್ಲಿ 28 ಟಚ್‌ಡೌನ್ ಪಾಸ್ ಎಸೆದರು, ಅಷ್ಟೇ ಸಾಕು ಅನ್ನುವವರು ಇನ್ನೊಂದು ಕಡೆ. ನಾನು ಅಂಕಿಯನ್ನು ತಿದ್ದುವುದಿಲ್ಲ, ಪಕ್ಕದಲ್ಲಿ ಷರಾ ಬರೆಯುತ್ತೇನೆ. 28ರಲ್ಲಿ ಏಳು, ಅಂದರೆ ಕಾಲು ಭಾಗ, ಒಂದೇ ಮಧ್ಯಾಹ್ನ ಬಂದವು ಅಂತ. ಸೀಸನ್ ಮುಗಿದ ಮೇಲೆ ಅವರು ಮರ್ಚೆಂಟ್ ಮರೀನ್‌ಗೆ, ಅಂದರೆ ಸರಕು ಹಡಗುಗಳ ಸೇವೆಗೆ ಹೋದರು ಅಂತಲೂ.

ಬೇರ್ಸ್ ಸಾಲಿಗೆ ಬರೆಯಲು ಬೇಕಾದಷ್ಟಿದೆ. ಮಾಲೀಕ-ಕೋಚ್ ಜಾರ್ಜ್ ಹ್ಯಾಲಸ್ ನೌಕಾಪಡೆಯಲ್ಲಿ. ಅವರ ಜಾಗದಲ್ಲಿ ಹಂಕ್ ಆ್ಯಂಡರ್ಸನ್ ಮತ್ತು ಲ್ಯೂಕ್ ಜಾನ್ಸೋಸ್. 1937ರಲ್ಲೇ ಆಟ ಬಿಟ್ಟಿದ್ದ ಬ್ರಾಂಕೊ ನಗುರ್ಸ್ಕಿ ವಾಪಸ್ ಬಂದು, ಮುಂದಿನ ಸಾಲಿನಲ್ಲಿ ಎದುರಾಳಿಯನ್ನು ತಡೆಯುವ ಟ್ಯಾಕಲ್ ಜಾಗದಲ್ಲಿ ನಿಂತರು. ಕಾರ್ಡಿನಲ್ಸ್ ವಿರುದ್ಧದ ಕೊನೆಯ ಲೀಗ್ ಪಂದ್ಯದಲ್ಲಿ ಮೂರು ಕ್ವಾರ್ಟರ್ ಮುಗಿದಾಗ ಬೇರ್ಸ್ 24-14ರಿಂದ ಹಿಂದೆ. ಆಗ ನಗುರ್ಸ್ಕಿಯನ್ನು ಅವರ ಹಳೆಯ ಜಾಗಕ್ಕೆ, ಚೆಂಡು ಹಿಡಿದು ನುಗ್ಗುವ ಫುಲ್‌ಬ್ಯಾಕ್ ಜಾಗಕ್ಕೆ ತಂದರು. ಮುಗಿದದ್ದು 35-24. 0-10 ಅಂತ ಬರೆದಿರುವ ಕಾರ್ಡಿನಲ್ಸ್ ಸಾಲಿನ ಪಕ್ಕದಲ್ಲೂ ಈ ಪಂದ್ಯವನ್ನು ಬರೆಯಿರಿ. ಒಂದು ಕ್ವಾರ್ಟರ್ ದೂರದಲ್ಲಿ ಆ ಸೊನ್ನೆ ಅಳಿಯುವುದಿತ್ತು.

ಜೈಂಟ್ಸ್ ಸಾಲಿನ ಎದುರು ಅಲ್ ಬ್ಲೋಜಿಸ್. ಆರು ಅಡಿ ಆರು ಇಂಚಿನ ಆಳು. ಎತ್ತರದ ಮಿತಿ ಅಡ್ಡ ಬಂದರೂ ಬಿಡದೆ ಸೇನೆ ಸೇರಿದರು. 1945ರ ಜನವರಿ 31ರಂದು ಫ್ರಾನ್ಸ್‌ನ ವೋಜ್ ಬೆಟ್ಟಗಳಲ್ಲಿ ಸತ್ತರು. ಇದನ್ನು ನಾನು ಪೆನ್ಸಿಲ್‌ನಲ್ಲಿ ಬರೆಯುವುದಿಲ್ಲ, ಪೆನ್ನಿನಲ್ಲಿ ಬರೆಯುತ್ತೇನೆ.

ಪಟ್ಟಿಯಲ್ಲಿ ಕಾಣದ ಎರಡು ಪಂದ್ಯಗಳನ್ನು ಕೆಳಗೆ ಬೇರೆಯಾಗಿ ಬರೆಯಿರಿ, ಮೇಲಿನ ಮೊತ್ತಕ್ಕೆ ಸೇರಿಸಬೇಡಿ. ವಾಷಿಂಗ್ಟನ್, ಜೈಂಟ್ಸ್ ಎರಡೂ 6-3-1. ಡಿಸೆಂಬರ್ 5 ಮತ್ತು 12ರಂದು ಜೈಂಟ್ಸ್ ಸತತ ಎರಡು ಸಲ ವಾಷಿಂಗ್ಟನ್ ಅನ್ನು ಸೋಲಿಸಿ ಸಮ ಮಾಡಿಕೊಂಡಿದ್ದರು. ಪೂರ್ವ ವಿಭಾಗದಲ್ಲಿ ಯಾರು ಮೊದಲು ಅಂತ ತೀರ್ಮಾನಿಸಲು 19ರಂದು ಮೂರನೇ ಸಲ ಎದುರಾದಾಗ ವಾಷಿಂಗ್ಟನ್ 28-0ರಿಂದ ಗೆದ್ದಿತು. ಡಿಸೆಂಬರ್ 26ರಂದು ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಫೈನಲ್, ಬೇರ್ಸ್ 41-21. ಲಕ್‌ಮನ್ ಐದು ಟಚ್‌ಡೌನ್ ಪಾಸ್, ನಗುರ್ಸ್ಕಿ ಒಂದು ಟಚ್‌ಡೌನ್.

ಕೈ ಕುದುರಿದ ಮೇಲೆ 1944ಕ್ಕೆ ಹೋಗಿ. ಅಲ್ಲಿ ಹತ್ತು ಸಾಲು. ಕ್ಲೀವ್‌ಲ್ಯಾಂಡ್ ವಾಪಸ್, ಬಾಸ್ಟನ್ ಯಾಂಕ್ಸ್ ಹೊಸದು. ಈಗಲ್ಸ್ ಬೇರೆಯಾದರು. ಸ್ಟೀಲರ್ಸ್ ಈ ಸಲ ಕಾರ್ಡಿನಲ್ಸ್ ಜೊತೆ ಸೇರಿ ಕಾರ್ಡ್-ಪಿಟ್ ಆದರು, ಆದರೆ ಸಾಲು ಪಶ್ಚಿಮ ವಿಭಾಗದಲ್ಲಿದೆ, ಪೂರ್ವದಲ್ಲಿ ಹುಡುಕಬೇಡಿ. ಗೆಲುವು 47, ಸೋಲು 47, ಟೈ 6 ಬಂದರೆ ನೀವು ಸರಿಯಾಗಿ ಇಳಿಸಿಕೊಂಡಿದ್ದೀರಿ. 0-10 ಎರಡು ಕಡೆ ಕಾಣುತ್ತದೆ, ಕಾರ್ಡ್-ಪಿಟ್ ಒಂದು, ಬ್ರೂಕ್ಲಿನ್ ಇನ್ನೊಂದು. ಅವೆರಡೂ ಆ ವರ್ಷ ಎದುರಾಬದುರಾ ಆಗಲೇ ಇಲ್ಲ ಅನ್ನುವುದು ವೇಳಾಪಟ್ಟಿ ತೆಗೆಯದೆಯೇ ಗೊತ್ತಾಗುತ್ತದೆ. ಆಗಿದ್ದರೆ ಯಾರಾದರೊಬ್ಬರು ಗೆಲ್ಲಬೇಕಿತ್ತು, ಇಲ್ಲ ಟೈ ಆದರೂ ಆಗಬೇಕಿತ್ತು.