ಹಿರಿಯರ ಮನೆ ಆಸ್ಪತ್ರೆಯ ವಾರ್ಡಿನಂತೆ ಕಾಣಬೇಕಿಲ್ಲ

ವಯಸ್ಸಾದವರೋ ಗಾಲಿಕುರ್ಚಿ ಬಳಸುವವರೋ ಇರುವ ಮನೆಯನ್ನು ಸಜ್ಜುಗೊಳಿಸುವಾಗ ಮೊದಲ ದುಡ್ಡು ಹಾಲ್‌ನ ಸೋಫಾಕ್ಕಲ್ಲ, ಬಚ್ಚಲಿಗೆ ಹೋಗಲಿ. ಕಮೋಡ್ ಪಕ್ಕದ ಗೋಡೆಗೆ ನೆಲದಿಂದ 30ರಿಂದ 33 ಇಂಚು ಎತ್ತರದಲ್ಲಿ ಅಡ್ಡ ರಾಡ್ ಹಾಕಿಸಿ. ಮುಷ್ಟಿಗೆ ಸಿಗುವಂತೆ ಒಂದೂವರೆ ಇಂಚಿನೊಳಗಿನ ದಪ್ಪ, ಗೋಡೆಗೂ ರಾಡಿಗೂ ನಡುವೆ ಒಂದೂವರೆ ಇಂಚು ಸಂದು ಇರಲಿ. ಸಂದು ಹೆಚ್ಚಾದರೆ ಜಾರಿದ ಕೈ ಒಳಗೆ ಸಿಕ್ಕಿ ಮೂಳೆ ಮುರಿಯಬಹುದು. ಲಕ್ವ ಹೊಡೆದವರಿದ್ದರೆ ರಾಡ್, ನಲ್ಲಿ, ಸೋಪು ಎಲ್ಲವೂ ಸ್ವಾಧೀನವಿರುವ ಕೈಯ ಕಡೆಗೇ ಬರಬೇಕು. ಇದನ್ನು ಪ್ಲಂಬರ್ ತಾನಾಗಿ ಕೇಳುವುದಿಲ್ಲ, ನೀವೇ ಹೇಳಿ.

ಟವೆಲ್ ರಾಡ್ ಆಸರೆಯಲ್ಲ. ರಬ್ಬರ್ ಬಟ್ಟಲಿನಿಂದ ಗೋಡೆಗೆ ಅಂಟುವ ಹಿಡಿಕೆಯನ್ನಂತೂ ಮನೆಗೆ ತರಲೇಬೇಡಿ. ನಾಲ್ಕಿಂಚಿನ ಟೊಳ್ಳು ಬ್ಲಾಕ್ ಗೋಡೆಯಾದರೆ ಸಾಮಾನ್ಯ ಪ್ಲಗ್, ಸ್ಕ್ರೂ ಕಿತ್ತುಬರುತ್ತವೆ. ಮನೆ ಕಟ್ಟುವ ಹಂತದಲ್ಲಿದ್ದರೆ ರಾಡ್ ಬರುವ ಜಾಗದ ಬ್ಲಾಕುಗಳಿಗೆ ಕಾಂಕ್ರೀಟ್ ತುಂಬಿಸಿಬಿಡಿ. ಗಾರೆಯವರಿಗೆ ಅರ್ಧ ಗಂಟೆಯ ಕೆಲಸ. ಹಾಕಿದ ಮೇಲೆ ದೃಢಕಾಯರೊಬ್ಬರು ಪೂರ್ತಿ ಭಾರ ಬಿಟ್ಟು ಜೋತು ನೋಡಬೇಕು.

ಸಾಮಾನ್ಯ ಕಮೋಡ್ 15-16 ಇಂಚು ಎತ್ತರ. ಮಂಡಿನೋವಿನವರಿಗೆ 17ರಿಂದ 19 ಬೇಕು. ಆದರೆ ಗಿಡ್ಡನೆಯ ಅಜ್ಜಿಗೆ 19 ಇಂಚು ಹಾಕಿಸಿದರೆ ಕಾಲು ನೆಲಕ್ಕೆ ಎಟಕದೆ ತೂಗಾಡುತ್ತದೆ. ಅಂಗಡಿಯವರ ಅಳತೆ ಬಿಟ್ಟು, ಕೂತವರ ಮಂಡಿ ಹಿಂಬದಿಯಿಂದ ನೆಲಕ್ಕೆ ಟೇಪ್ ಹಿಡಿಯಿರಿ. ಬಾಗಿಲು ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆಯುವ ಬಾಗಿಲಿಗೆ ಬಿದ್ದವರ ಮೈಯೇ ಅಡ್ಡವಾಗಿ ನೆರವಿಗೆ ಹೋಗಲಾಗುವುದಿಲ್ಲ. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಿರಲಿ.

ಚೆಂದದ ಮಾತು ಶುರುವಾಗುವುದು ಬಣ್ಣದಲ್ಲಿ. ಬಿಳಿ ಟೈಲ್ಸ್ ಮುಂದೆ ಬಿಳಿ ಕಮೋಡ್ ಪೊರೆ ಬಂದ ಕಣ್ಣಿಗೆ ಕಾಣುವುದೇ ಇಲ್ಲ. ಹಿಂದಿನ ಗೋಡೆಗೆ ಎಲೆಹಸಿರೋ ಇಟ್ಟಿಗೆಗೆಂಪೋ ಕೊಡಿ, ಅಂದವೂ ಆಯಿತು, ಗುರುತೂ ಆಯಿತು. ನೆಲಕ್ಕೆ ಮಾತ್ರ ಒಂದೇ ಬಣ್ಣ. ಕಪ್ಪು-ಬಿಳಿ ಚೌಕಗಳು ಮರೆವಿನ ಕಾಯಿಲೆಯವರಿಗೆ ಮೆಟ್ಟಿಲಿನಂತೆ, ಕಡುಬಣ್ಣದ ಮ್ಯಾಟ್ ಗುಂಡಿಯಂತೆ ತೋರಬಹುದು. ಟೈಲ್ಸ್ ಕೊಳ್ಳುವ ಮುನ್ನ ಒಂದು ತುಂಡು ತಂದು ಸೋಪುನೀರು ಸುರಿದು ಬರಿಗಾಲು ಉಜ್ಜಿ ನೋಡಿ. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಕಣ್ಣಿಗೆ ತಂಪು. ಅದನ್ನು ಕೀಳಿಸಬೇಡಿ, ಮೇಣದ ಪಾಲಿಶ್ ನಿಲ್ಲಿಸಿದರೆ ಸಾಕು.

ಗಾಲಿಕುರ್ಚಿ ಸುಮಾರು 25 ಇಂಚು ಅಗಲ. 30 ಇಂಚಿನ ಬಾಗಿಲಲ್ಲಿ ಕದ, ಚೌಕಟ್ಟು ಕಳೆದರೆ ಉಳಿಯುವುದರಲ್ಲಿ ಬೆರಳಗಂಟು ತರಚುತ್ತದೆ, ಹಾಗಾಗಿ 36 ಇಂಚಿನದೇ ಇರಲಿ. ಒಳಗಿನ ಹೊಸ್ತಿಲುಗಳನ್ನು ತೆಗೆಸಿಬಿಡಿ. ಅರಿಸಿನ-ಕುಂಕುಮದ ಮುಂಬಾಗಿಲ ಹೊಸ್ತಿಲು ತೆಗೆಯಲು ಯಾರೂ ಒಪ್ಪರು, ಒಪ್ಪಬೇಕಾಗಿಯೂ ಇಲ್ಲ. ಅದರ ಎರಡೂ ಬದಿಗೆ ಮರದ ಇಳಿಜಾರು ತುಂಡು ಮಾಡಿಸಿ. ಒಂದಿಂಚು ಎತ್ತರಕ್ಕೆ ಒಂದಡಿ ಉದ್ದ, ಇದೇ ಲೆಕ್ಕ. ಹೊರಗಿನ ರ‍್ಯಾಂಪಿಗೂ ಅದೇ: ಆರಿಂಚಿನ ಮೂರು ಮೆಟ್ಟಿಲಿದ್ದರೆ 18 ಅಡಿ. ಜಾಗವಿಲ್ಲವೆಂದು ನಾಲ್ಕಡಿಯಲ್ಲಿ ಮುಗಿಸುವವರಿದ್ದಾರೆ. ಅದರ ಮೇಲೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ದೇವರ ಮಂಟಪವನ್ನು ಕುರ್ಚಿಯಲ್ಲಿ ಕೂತೇ ಹೂವೇರಿಸುವಂತೆ ಎರಡೂವರೆ ಅಡಿ ಎತ್ತರಕ್ಕೆ ತನ್ನಿ. ದೀಪದಡಿ ಅಗಲದ ತಟ್ಟೆ ಇರಲಿ. ಎಣ್ಣೆ ನೆಲಕ್ಕೆ ಬಿದ್ದರೆ ಬರೀ ಒದ್ದೆಬಟ್ಟೆಯಲ್ಲಿ ಒರೆಸಬೇಡಿ, ಜಿಡ್ಡು ಇನ್ನಷ್ಟು ಹರಡುತ್ತದೆ. ಕಡಲೆಹಿಟ್ಟು ಉದುರಿಸಿ ಬಳಿದು ತೆಗೆದು, ಆಮೇಲೆ ಬಿಸಿ ಸೋಪುನೀರಿನಲ್ಲಿ ಒರೆಸಿ.