ಕೋಳಿಗೂಡಿಗೆ ಜಾಗ ನೋಡ್ತಿರೋರಿಗೆ

ಗೂಡು ಕಟ್ಟೋ ಮೊದಲು ಒಂದು ದೊಡ್ಡ ಮಳೆ ಬರೋವರೆಗೂ ತಡೀರಿ. ಮಾರನೇ ದಿನ ಹಿತ್ತಲು ಸುತ್ತಾಡಿ, ನೀರು ನಿಂತ ಕಡೆ ಬೇಡವೇ ಬೇಡ. ನಮ್ಮ ದಾವಣಗೆರೆ ಕಡೆ ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತೆ. ಭದ್ರಾ ಕಾಲುವೆ ಕೆಳಗಿನ ಗದ್ದೆ ಪಕ್ಕವಂತೂ ನೆಲ ಬೇಗ ಆರೋದೇ ಇಲ್ಲ. ಬೇರೆ ಜಾಗ ಇಲ್ಲದಿದ್ರೆ ಗರಸು ಹಾಕಿ ಎರಡಡಿ ಎತ್ತರಿಸಿ. ಚಳ್ಳಕೆರೆ ಕಡೆ ಕೆಂಪು ನೆಲ ಇರೋರಿಗೆ ಈ ತಾಪತ್ರಯ ಕಡಿಮೆ, ಅವರು ಬಿಸಿಲು ನೋಡ್ಕೋಬೇಕು.

ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕಿರಲಿ. ಬಿಸಿಲು ಒಳಗೆ ನುಗ್ಗಲ್ಲ, ಪಶ್ಚಿಮದಿಂದ ಬರೋ ಮುಂಗಾರಿನ ಇರಚಲೂ ಆ ತುದಿಯ ಚಿಕ್ಕ ಗೋಡೆಗೆ ಹೊಡೆದು ಹೋಗುತ್ತೆ.

ಆಮೇಲೂ ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನ ಆಗಾಗ ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆ ಕಟ್ಟಿದ್ರೆ ತೇವ ಜಾಸ್ತಿ. ಮರಿಗಳಿಗೆ ರಕ್ತಭೇದಿ ಹರಡೋದು ಆ ತೇವದಲ್ಲೇ. ದಯವಿಟ್ಟು ಅವತ್ತೇ ತೆಗೆದು ಒಣಹೊಟ್ಟು ಹಾಸಿ.