ಹಳೆಯ ಏರ್ ರೈಫಲ್ ಕೊಳ್ಳುವ ಮೊದಲು, ಕೊಂಡ ಮೇಲೆ

ಏರ್‌ಗನ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜಾತ್ರೆಯ ಬಲೂನು ಅಂಗಡಿ. ಆದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿಯೂ ಜರ್ಮನಿಯ ರಾಸ್ಟಾಟ್‌ನಲ್ಲಿಯೂ ಕಳೆದ ಶತಮಾನದ ಆರಂಭದಿಂದ 1970ರ ದಶಕದವರೆಗೆ ತಯಾರಾದ ಸ್ಪ್ರಿಂಗ್ ಏರ್ ರೈಫಲ್‌ಗಳು ಬೇರೆಯೇ ಜಾತಿಯವು. ಗಟ್ಟಿ ಉಕ್ಕನ್ನು ಕಡೆದು, ವಾಲ್ನಟ್ ಅಥವಾ ಬೀಚ್ ಮರದ ಸ್ಟಾಕ್ (ಭುಜಕ್ಕೊತ್ತಿ ಹಿಡಿಯುವ ಭಾಗ) ಜೋಡಿಸಿ ಮಾಡಿದ ಇವುಗಳಲ್ಲಿ ಎಷ್ಟೋ ರೈಫಲ್‌ಗಳು ಇಂದಿಗೂ ಸರಿಯಾಗಿ ಗುರಿ ಮುಟ್ಟುತ್ತವೆ.

ಕಂಡದ್ದನ್ನೆಲ್ಲ ಕೊಳ್ಳದೆ ಒಂದು ಕಂಪನಿಯ ಒಂದು ಕಾಲವನ್ನು ಹಿಡಿದು ಹೋಗುವುದು ಒಳ್ಳೆಯದು. ನನ್ನನ್ನು ಕೇಳಿದರೆ ಬಿಎಸ್‌ಎ, ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿಯಿಂದ ಶುರುಮಾಡಿ ಎನ್ನುತ್ತೇನೆ. ಲಿಂಕನ್ ಜೆಫ್ರೀಸ್ ಎಂಬ ಬರ್ಮಿಂಗ್‌ಹ್ಯಾಮ್‌ನ ಕೋವಿ ತಯಾರಕ 1904ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವನ್ನು ಬಿಎಸ್‌ಎ 1905ರಿಂದ ತಯಾರಿಸತೊಡಗಿತು. ನಳಿಗೆಯನ್ನು ಮಡಚಿ ಸ್ಪ್ರಿಂಗ್ ಎಳೆಯುವ ಏರ್‌ಗನ್‌ಗಳಲ್ಲಿ ಮಡಿಕೆಯ ಕೀಲು ಸವೆದಂತೆ ಗುರಿಯೂ ತಪ್ಪುತ್ತದೆ. ಜೆಫ್ರೀಸ್ ನಳಿಗೆಯನ್ನು ಅಲುಗಾಡದಂತೆ ನಿಲ್ಲಿಸಿ, ಅದರ ಕೆಳಗೊಂದು ಸನ್ನೆ ಇಟ್ಟು ಅದರಿಂದ ಸ್ಪ್ರಿಂಗ್ ಎಳೆಯುವಂತೆ ಮಾಡಿದ. ಪೆಲೆಟ್, ಅಂದರೆ ಏರ್‌ಗನ್ನಿನ ಚಿಕ್ಕ ಗುಂಡು ತುಂಬುವುದಕ್ಕೆ ನಳಿಗೆಯ ಹಿಂದೆ ನಲ್ಲಿಯ ತಿರುಗಣೆಯಂಥ ಒಂದು ಲೋಹದ ತುಂಡಿದೆ. ಅದನ್ನು ತಿರುಗಿಸಿ, ತೂತಿಗೆ ಪೆಲೆಟ್ ಹಾಕಿ, ಮತ್ತೆ ತಿರುಗಿಸಿ ಮುಚ್ಚಬೇಕು. 1948ರಲ್ಲಿ ಬಂದ ಬಿಎಸ್‌ಎಯ ಏರ್‌ಸ್ಪೋರ್ಟರ್ ರೈಫಲ್‌ನಲ್ಲಿಯೂ ಇದೇ ಉಪಾಯ ಮುಂದುವರಿಯಿತು. ವೆಬ್ಲಿ ಕಂಪನಿಯ ಮಾರ್ಕ್ 3 ಕೂಡ ಇದೇ ಪರಂಪರೆಯದು. ಅದೇ ಕಂಪನಿ 1932ರಲ್ಲಿ ಹೊರತಂದ ಸರ್ವಿಸ್ ಮಾರ್ಕ್ 2 ರೈಫಲ್‌ನ ನಳಿಗೆಯನ್ನು ಕ್ಷಣದಲ್ಲಿ ಬಿಚ್ಚಿ ಬೇರೆ ಅಳತೆಯದನ್ನು ಹಾಕಬಹುದು. ಅದರ ಬೆಲೆ ಮಾತ್ರ ಹೊಸಬರ ಕೈಗೆಟುಕುವಂಥದಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಸ್ಕ್ರೂಗಳ ತಲೆಯನ್ನು. ಗೀರು ನೆಟ್ಟಗೆ, ಅಂಚು ಹರಿತವಾಗಿದ್ದರೆ ಆ ರೈಫಲ್ ಹೆಚ್ಚಿನ ಕೈಗಳಿಗೆ ಸಿಕ್ಕಿಲ್ಲ ಎಂದು ತಿಳಿಯಬಹುದು. ಗೀರು ಕಿತ್ತು ಅಗಲವಾಗಿದ್ದರೆ ಯಾರೋ ತಪ್ಪು ಅಳತೆಯ ಸ್ಕ್ರೂ ಡ್ರೈವರ್‌ನಿಂದ ಒಳಗೆ ಕೈಯಾಡಿಸಿದ್ದಾರೆ ಎಂದೇ ಅರ್ಥ. ಆಮೇಲೆ ಅಚ್ಚೊತ್ತಿದ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ. ಬಿಎಸ್‌ಎಯ ಗುರುತು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕುಗಳು. ಅದರ ಗೆರೆಗಳು ಮಸುಕಾಗಿ ಅಂಚು ದುಂಡಗಾಗಿದ್ದರೆ, ಮೇಲಿನ ಕಪ್ಪು ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಅದು ತಿಕ್ಕಿ ಮತ್ತೆ ಬಣ್ಣ ಕಟ್ಟಿದ ಉಕ್ಕು. ನಳಿಗೆ ಮಡಚುವ ರೈಫಲ್ ಆಗಿದ್ದರೆ ಸ್ಟಾಕನ್ನು ಹಿಡಿದು ನಳಿಗೆಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ, ಕೀಲಿನಲ್ಲಿ ಸಡಿಲವಿದೆಯೇ ನೋಡಿ. ಸ್ಪ್ರಿಂಗ್ ಎಳೆಯುವಾಗ ಕರಕರ ಸದ್ದು ಬಂದರೆ ಸ್ಪ್ರಿಂಗ್ ಬಾಗಿರಬಹುದು. ಅದನ್ನು ಬದಲಾಯಿಸಬಹುದಾದ್ದರಿಂದ ಅಷ್ಟಕ್ಕೇ ವ್ಯವಹಾರ ಬಿಡಬೇಕಾಗಿಲ್ಲ. ಒಂದು ಎಚ್ಚರಿಕೆ: ಹಳೆಯ ರೈಫಲ್‌ನ ಸ್ಪ್ರಿಂಗ್ ಎಳೆದಿಟ್ಟು ಪೆಲೆಟ್ ತುಂಬುವಾಗ ಇನ್ನೊಂದು ಕೈ ನಳಿಗೆಯನ್ನಾಗಲಿ ಸನ್ನೆಯನ್ನಾಗಲಿ ಬಿಗಿಯಾಗಿ ಹಿಡಿದಿರಲೇಬೇಕು. ಸ್ಪ್ರಿಂಗನ್ನು ಹಿಡಿದಿಡುವ ಒಳಗಿನ ಕೊಂಡಿ ಸವೆದು ಜಾರಿದರೆ ಆ ನಳಿಗೆ ಅಥವಾ ಸನ್ನೆ ಒಮ್ಮೆಲೇ ಹಿಂದಕ್ಕೆ ಬಡಿಯುತ್ತದೆ, ನಡುವೆ ಸಿಕ್ಕಿದ ಬೆರಳು ಉಳಿಯುವುದಿಲ್ಲ.

ಡಯಾನಾ ರೈಫಲ್‌ಗಳ ವಿಷಯದಲ್ಲಿ ಹೆಸರಿನ ಗೊಂದಲವನ್ನು ತಿಳಿದಿರಬೇಕು. ರಾಸ್ಟಾಟ್‌ನ ಈ ಕಂಪನಿ 1890ರಲ್ಲಿ ಹುಟ್ಟಿದ್ದು. ಬೇಟೆಯ ದೇವತೆ ಬಿಲ್ಲನ್ನು ಎಸೆದು ಏರ್ ರೈಫಲ್ ಎತ್ತಿ ಹಿಡಿದಿರುವ ಚಿತ್ರ ಅದರ ಗುರುತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅಲ್ಲಿನ ಯಂತ್ರಗಳು ಬ್ರಿಟನ್ನಿಗೆ ಸಾಗಿ, ಸ್ಕಾಟ್ಲೆಂಡಿನ ಮದರ್‌ವೆಲ್‌ನಲ್ಲಿ ಮಿಲ್ಬ್ರೋ ಎಂಬ ಕಂಪನಿ ಡಯಾನಾ ಹೆಸರಿನಲ್ಲಿಯೇ ಏರ್‌ಗನ್ ಮಾಡಿ ಮಾರಿತು. ಮೂಲ ಕಂಪನಿ ಮತ್ತೆ ಕೆಲಸ ಆರಂಭಿಸಿದಾಗ ಬ್ರಿಟನ್ನಿನಲ್ಲಿ ತನ್ನ ಹೆಸರನ್ನೇ ಬಳಸಲಾಗದೆ ‘ಒರಿಜಿನಲ್’ ಎಂಬ ಹೆಸರಿನಲ್ಲಿ ಮಾರಬೇಕಾಯಿತು. ಅಮೆರಿಕದಲ್ಲಿ ವಿಂಚೆಸ್ಟರ್ 427 ಎಂದು ಮಾರಾಟವಾದದ್ದೂ ರಾಸ್ಟಾಟ್‌ನ ಡಯಾನಾ 27 ರೈಫಲೇ. ಆದ್ದರಿಂದ ಹೆಸರಿಗೆ ಹಣ ಕೊಡುವ ಮೊದಲು ಸಿಲಿಂಡರಿನ ಹಿಂಭಾಗದಲ್ಲಿ ಚಿಕ್ಕದಾಗಿ ಒತ್ತಿರುವ ಅಂಕಿಗಳನ್ನು ಹುಡುಕಿ. ‘11 63’ ಎಂದಿದ್ದರೆ ಅದು 1963ರ ನವೆಂಬರ್‌ನಲ್ಲಿ ತಯಾರಾದದ್ದು.

ಮನೆಗೆ ತಂದ ಮೇಲೆ ಮಾಡಬೇಕಾದ ಕೆಲಸ ಬಹಳ ಕಡಿಮೆ, ಮಾಡಬಾರದ್ದೇ ಹೆಚ್ಚು. ನಾನು ಮೊದಲು ಕೊಂಡ ಡಯಾನಾ 27ರ ನಳಿಗೆಯ ಮೇಲಿದ್ದ ಕಂದು ಮಚ್ಚೆಗಳನ್ನು ಕಂಡು ಸುಮ್ಮನಿರಲಾರದೆ ಒಂದು ಭಾನುವಾರ ಮಧ್ಯಾಹ್ನ ಮರಳು ಕಾಗದ ಹಿಡಿದು ಕುಳಿತೆ. ಮಚ್ಚೆಯೇನೋ ಹೋಯಿತು, ಜೊತೆಗೆ ಕಾರ್ಖಾನೆ ಕೊಟ್ಟ ನೀಲಿಗಪ್ಪೂ ಮಾದರಿಯ ಹೆಸರಿನ ಅರ್ಧ ಅಕ್ಷರಗಳೂ ಹೋದವು. ಆ ರೈಫಲ್ ಈಗಲೂ ನನ್ನ ಬಳಿ ಇದೆ, ಕೊಳ್ಳುವವರು ಯಾರೂ ಇಲ್ಲ. ತುಕ್ಕಿಗೆ ತೆಳು ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಅತಿ ನಯವಾದ ಉಕ್ಕಿನ ನಾರಿನಿಂದ ಹಗುರವಾಗಿ ಒರೆಸಿದರೆ ಸಾಕು. ಮರಕ್ಕೆ ಹೊಸ ವಾರ್ನಿಶ್ ಬೇಡ. ಕೊಳೆಯನ್ನು ಒರೆಸಿ, ಬೆರಳ ತುದಿಯಲ್ಲಿ ಒಂದೆರಡು ಹನಿ ಅಗಸೆ ಎಣ್ಣೆ ತೆಗೆದುಕೊಂಡು ಅಂಗೈ ಬಿಸಿಯಾಗುವವರೆಗೆ ತಿಕ್ಕಿ.

ಬಹುಪಾಲು ಹಳೆಯ ರೈಫಲ್‌ಗಳಲ್ಲಿ, ಸ್ಪ್ರಿಂಗ್ ಬಿಟ್ಟಾಗ ಮುಂದೆ ನುಗ್ಗಿ ಗಾಳಿ ಒತ್ತುವ ಪಿಸ್ಟನ್ನಿನ ತುದಿಗಿರುವುದು ಚರ್ಮದ ವಾಷರ್. ವರ್ಷಗಟ್ಟಲೆ ಮೂಲೆಯಲ್ಲಿದ್ದರೆ ಅದು ಒಣಗಿ ಗಾಳಿ ಸೋರುತ್ತದೆ. ಗಾಳಿ ಹೊರಬರುವ ತೂತಿಗೆ ಚರ್ಮಕ್ಕೆ ಬಳಸುವ ನೀಟ್ಸ್‌ಫುಟ್ ಎಣ್ಣೆಯನ್ನು ಎರಡು ಮೂರು ಹನಿ ಬಿಟ್ಟು, ನಳಿಗೆಯ ಬಾಯಿ ಮೇಲಾಗುವಂತೆ ರಾತ್ರಿಯಿಡೀ ನಿಲ್ಲಿಸಿ. ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ ಬೇರಾವ ಖನಿಜ ತೈಲವನ್ನಾಗಲಿ ಅಲ್ಲಿಗೆ ಹಾಕಬಾರದು. ಗಾಳಿ ಒತ್ತಿ ಬಿಸಿಯಾದಾಗ ಅದು ಡೀಸೆಲ್ ಎಂಜಿನ್‌ನಲ್ಲಿಯಂತೆ ಉರಿದು, ಢಮ್ಮೆಂದು ಹೊಗೆ ಎಬ್ಬಿಸಿ ಸ್ಪ್ರಿಂಗನ್ನೇ ಮುರಿಯಬಹುದು. ಪೆಲೆಟ್ ಇಲ್ಲದೆ ಕುದುರೆ ಎಳೆಯುವುದೂ ಅಷ್ಟೇ ಕೆಟ್ಟದ್ದು: ಮುಂದೆ ತಡೆಯುವ ಗಾಳಿಯ ಮೆತ್ತೆ ಇಲ್ಲದೆ ಪಿಸ್ಟನ್ ನೇರವಾಗಿ ಉಕ್ಕಿಗೆ ಬಡಿಯುತ್ತದೆ.

ಕಾನೂನಿನ ಮಾತು ಚಿಕ್ಕದಾದರೂ ಬಿಡುವಂತಿಲ್ಲ. ಭಾರತದಲ್ಲಿ ಪರವಾನಗಿ ಬೇಕಿಲ್ಲದಿರುವುದು ನಳಿಗೆಯ ಅಳತೆ 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗಳಿಗೆ ಮಾತ್ರ. ಹಳೆಯ ಬ್ರಿಟಿಷ್ ರೈಫಲ್ ಮೇಲೆ ‘ನಂ. 1 ಬೋರ್’ ಎಂದಿದ್ದರೆ 4.5, ‘ನಂ. 2’ ಎಂದಿದ್ದರೆ 5.5 ಮಿ.ಮೀ.; ಎರಡನೆಯದು ಎಷ್ಟೇ ಚೆಂದವಿದ್ದರೂ ಪರವಾನಗಿಯಿಲ್ಲದೆ ಮನೆಯಲ್ಲಿಡುವಂತಿಲ್ಲ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ನಿಯಮ ಬೇರೆ: ಸ್ಕಾಟ್ಲೆಂಡಿನಲ್ಲಿ 2016ರ ಕೊನೆಯಿಂದ ಸಾಧಾರಣ ಏರ್‌ಗನ್‌ಗೂ ಪೊಲೀಸರ ಪ್ರಮಾಣಪತ್ರ ಬೇಕು.

ಇಡುವಾಗ ಸ್ಪ್ರಿಂಗ್ ಸಡಿಲ ಬಿಟ್ಟು, ಬಟ್ಟೆಯ ಚೀಲವನ್ನು ತಪ್ಪಿಸಿ, ಬೀಗವಿರುವ ಕಪಾಟಿನಲ್ಲಿ ನಿಲ್ಲಿಸಿ. ಚೀಲ ತೇವ ಹಿಡಿಯುತ್ತದೆ. ಮಲೆನಾಡಿನ ಅಥವಾ ಕರಾವಳಿಯ ಒಂದೇ ಮಳೆಗಾಲ ಸಾಕು, ನಳಿಗೆಗೆ ತುಕ್ಕು ಹಿಡಿಯುವುದಕ್ಕೆ. ಮುಟ್ಟಿದಾಗಲೆಲ್ಲ ಬೆವರಿನ ಗುರುತನ್ನು ಎಣ್ಣೆ ಬಟ್ಟೆಯಿಂದ ಒರೆಸಿ. ಯಾರಿಂದ ಬಂತು, ಯಾವ ಸಂಖ್ಯೆ, ಏನೇನು ಬದಲಾಯಿಸಿದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬಿಚ್ಚಿದ ಹಳೆಯ ಸ್ಪ್ರಿಂಗನ್ನೂ ವಾಷರನ್ನೂ ಎಸೆಯದೆ, ಆ ಸಂಖ್ಯೆಯ ಚೀಟಿ ಕಟ್ಟಿ ಅದೇ ಕಪಾಟಿನಲ್ಲಿಡಿ.